ಲಡ್ಲೋಗೆ ಎರಡು ದಿನ: ಸಂತೆ ಯಾವತ್ತು, ಕಾಲುದಾರಿ ಎಲ್ಲಿ, ಮಂಡಿ ನೋವಿದ್ದರೆ ಹೇಗೆ?

ಪ್ರಶ್ನೆ: ನಾವು ಗಂಡ ಹೆಂಡತಿ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇವೆ, ಕಾರಿಲ್ಲ. ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಲಂಡನ್ ಹೋದ ಸಲವೇ ನೋಡಿಯಾಯಿತು. ಈ ಬಾರಿ ಹಳೇ ಇಂಗ್ಲಿಷ್ ಸಂತೆಪೇಟೆಯೊಂದನ್ನೂ ಅದರ ಸುತ್ತಲಿನ ಹಳ್ಳಿಗಾಡನ್ನೂ ತೋರಿಸಬೇಕೆಂದಿದೆ. ಶ್ರಾಪ್‌ಶೈರ್‌ನ ಲಡ್ಲೋ ಚೆನ್ನಾಗಿದೆ ಅಂತ ಕೇಳಿದ್ದೇವೆ. ಒಂದೇ ದಿನ ಸಾಕಾ? ಅಪ್ಪನಿಗೆ ಮಂಡಿ ನೋವು. ನಾಲ್ವರೂ ಸಸ್ಯಾಹಾರಿಗಳು. ಹೊಲದ ನಡುವೆ ನಡೆದು ಹೋದರೆ ಜಮೀನಿನವರು ತಕರಾರು ತೆಗೆಯುವುದಿಲ್ಲವಾ?

ಉತ್ತರ: ಆಯ್ಕೆ ಒಳ್ಳೆಯದೇ. ಆದರೆ ಒಂದು ದಿನ ಸಾಲದು. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಕೋಟೆ ನೋಡಿದ ಹಾಗಾಗುತ್ತದೆ, ಊರು ನೋಡಿದ ಹಾಗಾಗುವುದಿಲ್ಲ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಎಷ್ಟು ದಿನ ಅನ್ನುವುದಕ್ಕಿಂತ ಯಾವ ವಾರ ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಕೋಟೆಯ ಮುಂದಿನ ಕ್ಯಾಸಲ್ ಸ್ಕ್ವೇರ್‌ನಲ್ಲಿ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಸಂತೆ. ತಿಂಗಳ ಎರಡನೇ ಮತ್ತು ನಾಲ್ಕನೇ ಗುರುವಾರ ಸುತ್ತಮುತ್ತಲ ರೈತರು, ಗಿಣ್ಣು (ಚೀಸ್) ಮಾಡುವವರು, ಬ್ರೆಡ್ ಸುಡುವವರು ಬರುತ್ತಾರೆ. ಒಂದನೇ ಮತ್ತು ಮೂರನೇ ಭಾನುವಾರ ಹಳೇ ಸಾಮಾನಿನ ವ್ಯಾಪಾರ. ಮಂಗಳವಾರ ಹೋದರೆ ಖಾಲಿ ಚೌಕ ನೋಡಿ ಬರಬೇಕಾದೀತು. ನಿಮಗೆ ನನ್ನ ಸಲಹೆ ಶುಕ್ರವಾರ ಹೋಗಿ ಶನಿವಾರ ಸಂಜೆ ಹೊರಡುವುದು. ಭಾನುವಾರ ರೈಲು ಕಡಿಮೆ, ಹಳ್ಳಿ ಬಸ್ಸು ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ ಬ್ಯಾಂಕ್ ರಜೆ. ಆ ಎರಡು ವಾರಾಂತ್ಯಗಳಲ್ಲಿ ರೂಮಿನ ಬಾಡಿಗೆ ಏರುತ್ತದೆ, ಅವನ್ನು ಬಿಟ್ಟುಬಿಡಿ.

ರೈಲಿನ ವಿಷಯ. ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್‌ನಿಂದ ಶ್ರೂಸ್‌ಬರಿಗೆ ಸುಮಾರು ಒಂದು ಗಂಟೆ, ಅಲ್ಲಿ ಬದಲಾಯಿಸಿದರೆ ಲಡ್ಲೋಗೆ ಇನ್ನು ಅರ್ಧ ಗಂಟೆ. ಈ ಎರಡನೇ ರೈಲು ಟ್ರಾನ್ಸ್‌ಪೋರ್ಟ್ ಫಾರ್ ವೇಲ್ಸ್‌ನದು, ಹಗಲಲ್ಲಿ ಹೆಚ್ಚೂಕಡಿಮೆ ಗಂಟೆಗೊಂದು. ಹಾಗಾಗಿ ಶ್ರೂಸ್‌ಬರಿಯಲ್ಲಿ ಐದೇ ನಿಮಿಷ ಅಂತರವಿರುವ ಜೋಡಣೆಯನ್ನು ನೆಚ್ಚಿಕೊಳ್ಳಬೇಡಿ. ಮೊದಲ ರೈಲು ಸ್ವಲ್ಪ ತಡವಾದರೂ ಹಿರಿಯರನ್ನು ಕರೆದುಕೊಂಡು ಒಂದು ಗಂಟೆ ಪ್ಲಾಟ್‌ಫಾರಂನಲ್ಲಿ ಕೂರಬೇಕಾಗುತ್ತದೆ. ನೀವು ನಾಲ್ವರು. ಮೂರರಿಂದ ಒಂಬತ್ತು ಜನ ಒಟ್ಟಿಗೆ ಆಫ್‌ಪೀಕ್ ಹೊತ್ತಿನಲ್ಲಿ ಹೊರಟರೆ ಗ್ರೂಪ್‌ಸೇವ್ ಅಂತ ಮೂರನೇ ಒಂದು ಭಾಗ ರಿಯಾಯಿತಿ ಸಿಗುತ್ತದೆ, ಅದಕ್ಕೆ ಯಾವ ಕಾರ್ಡೂ ಬೇಡ. ಟಿಕೆಟ್ ತೆಗೆಯುವಾಗ ನಾಲ್ವರನ್ನೂ ಒಂದೇ ಬಾರಿಗೆ ಸೇರಿಸಿ. ಇಬ್ಬಿಬ್ಬರಾಗಿ ತೆಗೆದರೆ ಆ ರಿಯಾಯಿತಿ ಬರುವುದಿಲ್ಲ.

ಸ್ಟೇಷನ್ನಿನಿಂದ ಊರಿನ ನಡುವಿಗೆ ಹತ್ತು ನಿಮಿಷದ ದಾರಿ, ಏರು. ಇದನ್ನು ಮೊದಲೇ ತಿಳಿದಿರಬೇಕು: ಲಡ್ಲೋ ಒಂದು ದಿಬ್ಬದ ಮೇಲೆ ಕೂತಿದೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ಟೀಮ್ ನದಿ ಸುತ್ತಿಕೊಂಡಿದೆ. ನೆತ್ತಿಯ ಮೇಲೆ ಕೋಟೆ, ಸಂತೆ, ಚರ್ಚು ಒಂದೇ ಮಟ್ಟದಲ್ಲಿವೆ. ಅಲ್ಲಿಂದ ಯಾವ ಕಡೆ ಹೊರಟರೂ ಇಳಿಜಾರು, ಅಂದರೆ ವಾಪಸು ಬರುವಾಗ ಏರು. ಮಂಡಿ ನೋವಿರುವವರಿಗೆ ದಿನದ ಯೋಜನೆ ಹಾಕುವಾಗ ಈ ಒಂದು ಮಾತು ಸಾಕು. ನೆತ್ತಿಯ ಮೇಲಿನದೆಲ್ಲ ಒಂದು ದಿನ, ಇಳಿಯುವುದು ಒಂದೇ ಸಲ. ಉಳಿಯುವ ಜಾಗವನ್ನೂ ಕ್ಯಾಸಲ್ ಸ್ಕ್ವೇರ್ ಅಥವಾ ಅದರ ಪೂರ್ವಕ್ಕಿರುವ ಬುಲ್ ರಿಂಗ್ ಬೀದಿಯ ಹತ್ತಿರ ಹಿಡಿಯಿರಿ. ನದಿ ದಂಡೆಯ ಹೋಟೆಲು ಚಿತ್ರದಲ್ಲಿ ಸೊಗಸಾಗಿ ಕಂಡರೂ ಪ್ರತಿ ಊಟಕ್ಕೂ ಗುಡ್ಡ ಹತ್ತಿಸುತ್ತದೆ. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪ, ಮೆಟ್ಟಿಲು ಕಿರಿದು. ನೆಲಮಹಡಿ ಅಥವಾ ಮೊದಲ ಮಹಡಿಯ ರೂಮು ಬೇಕೆಂದು ಬುಕ್ ಮಾಡುವಾಗಲೇ ಫೋನಿನಲ್ಲಿ ಹೇಳಿಬಿಡಿ.

ಈಗ ಊರಿಗೆ ಬರೋಣ. ಹೆಚ್ಚಿನವರು ಸಂತೆ ಚೌಕದಿಂದ ನೇರ ಕೋಟೆಗೆ ನುಗ್ಗುತ್ತಾರೆ. ಹಾಗೆ ಮಾಡದೆ ಕೋಟೆ ಬಾಗಿಲಿಗೆ ಬೆನ್ನು ಹಾಕಿ ಪೂರ್ವಕ್ಕೆ ನೋಡುತ್ತ ನಿಲ್ಲಿ. 12ನೇ ಶತಮಾನದಲ್ಲಿ ಈ ಊರನ್ನು ಅಳತೆ ಹಿಡಿದು ಕಟ್ಟಿದಾಗ, ನೀವು ನಿಂತ ಜಾಗದಿಂದ ಬುಲ್ ರಿಂಗ್‌ವರೆಗೂ ಒಂದೇ ಅಗಲವಾದ ಸಂತೆ ಬೀದಿಯಿತ್ತು. ಈಗ ಅದರ ಪಶ್ಚಿಮದ ತುಂಡು ಮಾತ್ರ ಬಯಲಾಗಿ ಉಳಿದಿದೆ. ಮಿಕ್ಕ ಕಡೆ ಏನಾಯಿತು? ದಿನಾ ಬಿಚ್ಚಿ ಕಟ್ಟುತ್ತಿದ್ದ ಅಂಗಡಿಗಳು ಕಾಯಂ ಆದವು, ಅವಕ್ಕೆ ಗೋಡೆ ಬಂತು, ಮೇಲೊಂದು ಮಹಡಿ ಬಂತು. ಹೈ ಸ್ಟ್ರೀಟ್, ಚರ್ಚ್ ಸ್ಟ್ರೀಟ್, ಹಾರ್ಪ್ ಲೇನ್‌ಗಳ ಆ ಇಕ್ಕಟ್ಟು ಓಣಿಗಳು ಹುಟ್ಟಿದ್ದು ಹೀಗೆ, ನೂರಾರು ವರ್ಷಗಳ ಒತ್ತುವರಿಯಿಂದ. ಅಲ್ಲಿನ ಮನೆಗಳಿಗೆ ಹಿತ್ತಿಲಿಲ್ಲ, ಬೆನ್ನಿಗೆ ಬೆನ್ನು ತಾಗಿಸಿ ನಿಂತಿವೆ. ಆದರೆ ಬ್ರಾಡ್ ಸ್ಟ್ರೀಟ್, ಮಿಲ್ ಸ್ಟ್ರೀಟ್‌ಗಳಿಗೆ ಬಂದರೆ ಮನೆಗಳ ಹಿಂದೆ ಉದ್ದುದ್ದ ಹಿತ್ತಿಲು. ಅವು ಮೊದಲ ನಕ್ಷೆಯ ನಿವೇಶನಗಳು, ಒಂದೊಂದಕ್ಕೂ ಸುಮಾರು 33 ಅಡಿ ಮುಂಭಾಗ. ಈ ವ್ಯತ್ಯಾಸ ಒಮ್ಮೆ ಕಣ್ಣಿಗೆ ಬಿತ್ತೆಂದರೆ ಮುಂದೆ ಯಾವ ಇಂಗ್ಲಿಷ್ ಸಂತೆಪೇಟೆಗೆ ಹೋದರೂ ಅದರ ಹಳೇ ಚೌಕ ಎಲ್ಲಿತ್ತೆಂದು ನೀವೇ ಹೇಳಬಹುದು. ಚೌಕದ ನಡುವೆಯೇ ವಿಕ್ಟೋರಿಯಾ ಕಾಲದ ಇಟ್ಟಿಗೆ ಮಾರುಕಟ್ಟೆ ಕಟ್ಟಡವೊಂದಿತ್ತು. 1986ರಲ್ಲಿ ಅದನ್ನು ಕೆಡವಿದ್ದರಿಂದಲೇ ಇವತ್ತು ಸಂತೆ ಬಯಲಲ್ಲಿ ಕೂರುತ್ತಿದೆ.

ಬ್ರಾಡ್ ಸ್ಟ್ರೀಟ್‌ನ ತಲೆಯಲ್ಲಿ ಕಂಬಗಳ ಮೇಲೆ ನಿಂತ ಕಲ್ಲಿನ ಕಟ್ಟಡ ಬಟರ್‌ಕ್ರಾಸ್, 1740ರ ದಶಕದ್ದು. ಅದರ ಕೆಳಗೆ ನಿಂತು ಬೀದಿಯನ್ನು ಕೆಳಮುಖವಾಗಿ ನೋಡಿ. ಎರಡೂ ಬದಿಯ ಇಟ್ಟಿಗೆ ಮನೆಗಳು 18ನೇ ಶತಮಾನದವು ಅನ್ನಿಸುತ್ತವೆ. ಎಷ್ಟೋ ಮನೆಗಳಲ್ಲಿ ಮುಖ ಮಾತ್ರ ಆ ಕಾಲದ್ದು, ಹಿಂದಿರುವುದು ಅದಕ್ಕಿಂತ ಹಳೆಯ ಓಕ್ ಮರದ ಚೌಕಟ್ಟು. ಕಂಡುಹಿಡಿಯುವುದು ಕಷ್ಟವಲ್ಲ. ಕಿಟಕಿಗಳು ಒಂದೇ ಸಾಲಿನಲ್ಲಿಲ್ಲದಿದ್ದರೆ, ಮಹಡಿಯ ಎತ್ತರ ತೀರ ಕಡಿಮೆಯಿದ್ದರೆ, ಮೇಲಿನ ಮಹಡಿ ಬೀದಿಯ ಕಡೆ ಚಾಚಿದ್ದರೆ ಅನುಮಾನ ಪಡಿ. ಆಮೇಲೆ ಪಕ್ಕದ ಓಣಿಗೆ ಹೋಗಿ ಮಗ್ಗುಲ ಗೋಡೆ ನೋಡಿ, ಅಲ್ಲಿ ಮರದ ತೊಲೆ ಸಿಕ್ಕೀತು. ಬಣ್ಣ ಬಣ್ಣದ ಪೋಸ್ಟರುಗಳಲ್ಲಿ ಬರುವ ಫೆದರ್ಸ್ ಹೋಟೆಲು ಬುಲ್ ರಿಂಗ್‌ನಲ್ಲಿದೆ. 1619ರಲ್ಲಿ ಒಬ್ಬ ವಕೀಲ ತನ್ನ ಮನೆಯಾಗಿ ಕಟ್ಟಿಸಿದ ಅದರ ಮುಂಭಾಗದ ಕೆತ್ತನೆಯನ್ನು ರಸ್ತೆಯ ಎದುರು ಬದಿಯಿಂದ ನೋಡಿದರೇ ಚೆನ್ನ.

ಸೇಂಟ್ ಲಾರೆನ್ಸ್ ಚರ್ಚು ಓಣಿಗಳ ಹಿಂದೆ ಅಡಗಿದೆ, ಗೋಪುರ ಮಾತ್ರ ಮೈಲುಗಟ್ಟಲೆ ದೂರಕ್ಕೆ ಕಾಣುತ್ತದೆ. 135 ಅಡಿಯ ಗೋಪುರ, 200 ಮೆಟ್ಟಿಲು. ಸುರುಳಿ ಮೆಟ್ಟಿಲಾದ್ದರಿಂದ ನಿಮ್ಮ ತಂದೆಯವರು ಕೆಳಗೇ ಇರಲಿ. ಅವರಿಗೆ ನೋಡಲು ಒಳಗೆ ಇದಕ್ಕಿಂತ ಒಳ್ಳೆಯದಿದೆ. ಗಾಯಕರು ಕೂರುವ ಪೂರ್ವ ಭಾಗದಲ್ಲಿ ಮಡಚುವ ಮರದ ಆಸನಗಳ ಸಾಲಿದೆ. ಪ್ರಾರ್ಥನೆ ಮುಗಿಯುವ ತನಕ ನಿಂತೇ ಇರಬೇಕಾದ ಪಾದ್ರಿಗಳು ಒರಗಿಕೊಳ್ಳಲೆಂದು ಆಸನದ ಅಡಿಗೆ ಸಣ್ಣ ಹಲಗೆ, ಹಲಗೆಯ ಕೆಳಗೆ ಕೆತ್ತನೆ. ಇಂಥವು 28. ದೇವರ ಮನೆಯೊಳಗೆ ದೇವರ ಚಿತ್ರಕ್ಕಿಂತ ಪೇಟೆಯ ಚಿತ್ರವೇ ಜಾಸ್ತಿ. ಒಂದರಲ್ಲಿ ಬಿಷಪ್ಪನ ವೇಷ ತೊಟ್ಟ ನರಿ ಬಾತುಗಳಿಗೆ ಉಪದೇಶ ಮಾಡುತ್ತಿದೆ. ಇನ್ನೊಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಬಿಯರ್ ಮಾರುವ ಹೆಂಗಸನ್ನು ದೆವ್ವವೊಂದು ತಲೆಕೆಳಗಾಗಿ ಹೆಗಲಿಗೆ ಹಾಕಿಕೊಂಡು ನರಕದ ಬಾಯಿಗೆ ಒಯ್ಯುತ್ತಿದೆ, ಅವಳ ಕೈಯಲ್ಲಿ ಇನ್ನೂ ಆ ಪಾತ್ರೆ. ಸಂತೆಯಲ್ಲಿ ತಕ್ಕಡಿ, ಪಾವು ಎಷ್ಟು ದೊಡ್ಡ ವಿಷಯವಾಗಿತ್ತೆಂದು ಇದಕ್ಕಿಂತ ಚೆನ್ನಾಗಿ ಯಾವ ಫಲಕವೂ ಹೇಳಲಾರದು. ಒಳಗೆ ಬೆಳಕು ಕಡಿಮೆ, ಫೋನಿನ ಟಾರ್ಚ್ ಇಟ್ಟುಕೊಂಡಿರಿ. ಆಸನಗಳನ್ನು ಮುಟ್ಟುವ ಮುಂಚೆ ಅಲ್ಲಿರುವ ಸ್ವಯಂಸೇವಕರನ್ನು ಒಂದು ಮಾತು ಕೇಳಿ.

ಕೋಟೆಗೆ ಒಂದೂವರೆ ಗಂಟೆ ಇಡಿ. 11ನೇ ಶತಮಾನದ ಕೊನೆಯಲ್ಲಿ ಡಿ ಲೇಸಿ ಮನೆತನದವರು ಶುರು ಮಾಡಿದ್ದು, ವೇಲ್ಸ್ ಗಡಿ ಕಾಯಲು. ಒಳ ಅಂಗಳದಲ್ಲಿ ವೃತ್ತಾಕಾರದ ಪ್ರಾರ್ಥನಾ ಮಂದಿರವಿದೆ. ಇಂಗ್ಲೆಂಡಿನಲ್ಲಿ ಅಂಥವು ಬೆರಳೆಣಿಕೆಯಷ್ಟು, ಬಾಗಿಲ ಕಮಾನಿನ ಅಂಕುಡೊಂಕು ಕೆತ್ತನೆಯನ್ನು ಹತ್ತಿರದಿಂದ ನೋಡಿ. ಇಂಗ್ಲೆಂಡಿನ ರಾಜ ಏಳನೇ ಹೆನ್ರಿಯ ಹಿರಿಮಗ ಆರ್ಥರ್ ಮದುವೆಯಾಗಿ ಐದು ತಿಂಗಳೂ ತುಂಬುವ ಮುಂಚೆ, 1502ರ ಏಪ್ರಿಲ್ 2ರಂದು ಇಲ್ಲಿ ತೀರಿಕೊಂಡ. ಅವನ ವಿಧವೆ ಕ್ಯಾಥರೀನ್ ಮುಂದೆ ಆರ್ಥರ್‌ನ ತಮ್ಮ ಎಂಟನೇ ಹೆನ್ರಿಯ ಕೈಹಿಡಿದಳು. ಆ ಮದುವೆ ಮುರಿದ ಜಗಳದಲ್ಲಿ ಇಂಗ್ಲೆಂಡಿನ ಚರ್ಚು ರೋಮ್‌ನಿಂದ ಬೇರೆಯಾಯಿತು. ವೇಲ್ಸ್ ಆಡಳಿತದ ಕೌನ್ಸಿಲ್ ಇಲ್ಲೇ ನಡೆಯುತ್ತಿತ್ತು. 1689ರಲ್ಲಿ ಅದನ್ನು ರದ್ದು ಮಾಡಿದ ಮೇಲೆ ಕೋಟೆ ಪಾಳುಬಿತ್ತು. ಹೊರ ಅಂಗಳ ಹುಲ್ಲಿನ ಬಯಲು, ಎಲ್ಲರೂ ನಡೆಯಬಹುದು. ಗೋಪುರಗಳ ಮೆಟ್ಟಿಲು ಮಾತ್ರ ಕಡಿದು, ಸವೆದು ಜಾರುತ್ತವೆ. ಸೆಪ್ಟೆಂಬರ್‌ನ ಫುಡ್ ಫೆಸ್ಟಿವಲ್, 1995ರಿಂದ ನಡೆಯುತ್ತಿರುವುದು, ಈ ಅಂಗಳದಲ್ಲೇ ಆಗುತ್ತದೆ. ಇಂಥ ಉತ್ಸವದ ದಿನಗಳಲ್ಲಿ ಕೋಟೆ ಶಾಂತವಾಗಿ ನೋಡಲು ಸಿಗುವುದಿಲ್ಲ, ಹೊರಡುವ ಮುಂಚೆ ಕೋಟೆಯ ವೆಬ್‌ಸೈಟಿನಲ್ಲಿ ದಿನ ನೋಡಿಕೊಳ್ಳಿ. ಗೋಡೆಯ ಹೊರಗೆ ಕೋಟೆಯನ್ನು ಸುತ್ತುವ ಕಾಲುದಾರಿಗೆ ಟಿಕೆಟ್ಟಿಲ್ಲ.

ಇಳಿಯುವುದು ಒಂದೇ ಸಲ ಎಂದೆನಲ್ಲ, ಆ ಸುತ್ತು ಇದು. ಚೌಕದಿಂದ ಡಿನ್ಹ್ಯಾಮ್ ಬೀದಿಯಲ್ಲಿ ಇಳಿದರೆ ಡಿನ್ಹ್ಯಾಮ್ ಸೇತುವೆ. ದಾಟಿ ಎಡಕ್ಕೆ ತಿರುಗಿ. ನದಿಯ ಜೊತೆಜೊತೆಗೇ ಕಾಡಿನ ನೆರಳಲ್ಲಿ ಸಾಗುವ ಈ ದಾರಿ ಬ್ರೆಡ್‌ವಾಕ್. ಈ ದಾರಿ ಮಾಡುವ ಕೆಲಸದವರಿಗೆ ಕಾಸಿನ ಬದಲು ಬ್ರೆಡ್ಡು ಕೊಟ್ಟರಂತೆ, ಕಾಸಾದರೆ ಹೆಂಡದಂಗಡಿಗೆ ಹೋಗುತ್ತದೆಂದು. ದಾರಿ ಲಡ್‌ಫರ್ಡ್ ಸೇತುವೆಯಲ್ಲಿ ಮುಗಿಯುತ್ತದೆ. ಮತ್ತೆ ನದಿ ದಾಟಿ ಲೋಯರ್ ಬ್ರಾಡ್ ಸ್ಟ್ರೀಟ್ ಹತ್ತಿ, ಊರಿಗಿದ್ದ ಏಳು ಹೆಬ್ಬಾಗಿಲುಗಳಲ್ಲಿ ಉಳಿದ ಒಂದೇ ಒಂದಾದ ಬ್ರಾಡ್ ಗೇಟ್‌ನ ಕೆಳಗೆ ನುಸುಳಿದರೆ ಬಟರ್‌ಕ್ರಾಸ್. ಎಲ್ಲ ಸೇರಿ ಎರಡೂವರೆ ಕಿಲೋಮೀಟರ್ ಒಳಗೇ. ಮೇ ತಿಂಗಳ ನಡುವಿನಲ್ಲಿ ಒಂಬತ್ತರ ತನಕ ಬೆಳಕಿರುತ್ತದೆ, ಸಂಜೆ ಆರಕ್ಕೆ ಹೊರಟರೂ ಅವಸರವಿಲ್ಲ. ಆದರೆ ಬ್ರೆಡ್‌ವಾಕ್ ಸಿಮೆಂಟಿನ ದಾರಿಯಲ್ಲ. ಬೇರು, ಬಂಡೆ, ಒಂದು ಕಡೆ ನದಿಯ ಇಳಿಜಾರು. ಇಲ್ಲಿನ ಹೂಳುಗಲ್ಲು ಒದ್ದೆಯಾದರೆ ಸೋಪಿನ ಹಾಗೆ. ಮಳೆ ಬಂದು ನಿಂತ ದಿನ ನಿಮ್ಮ ತಂದೆಯವರನ್ನು ಇಲ್ಲಿಗೆ ತರಬೇಡಿ. ಬದಲಿಗೆ ಟ್ಯಾಕ್ಸಿಯಲ್ಲಿ ನದಿಯಾಚೆಯ ಗುಡ್ಡವಾದ ವಿಟ್‌ಕ್ಲಿಫ್ ಕಾಮನ್‌ನ ನೆತ್ತಿಗೆ ಕರೆದೊಯ್ಯಿರಿ. ಅದರ ಪಕ್ಕದಲ್ಲೇ ರಸ್ತೆ ಹೋಗುತ್ತದೆ. ಕೋಟೆ, ಚರ್ಚಿನ ಗೋಪುರ, ಹಿಂದೆ ಕ್ಲೀ ಬೆಟ್ಟಗಳು ಒಂದೇ ನೋಟಕ್ಕೆ ಸಿಗುವುದು ಅಲ್ಲಿಂದಲೇ. ಸಣ್ಣ ಊರು, ಆಪ್‌ನಲ್ಲಿ ಒತ್ತಿದ ತಕ್ಷಣ ಗಾಡಿ ಬರುವುದಿಲ್ಲ. ಹಿಂದಿನ ದಿನವೇ ಹೋಟೆಲಿನವರ ಕೈಲಿ ಟ್ಯಾಕ್ಸಿ ಹೇಳಿಸಿ, ವಾಪಸು ಕರೆದೊಯ್ಯುವ ಹೊತ್ತನ್ನೂ ಸೇರಿಸಿ.

ಲಡ್‌ಫರ್ಡ್ ಸೇತುವೆಯ ಆಚೆ ರಸ್ತೆ ಮೂಲೆಯಲ್ಲಿ ಬಂಡೆಯ ಪದರಗಳು ಬಯಲಾಗಿವೆ. ಭೂವಿಜ್ಞಾನಿಗಳು ದೇಶ ದೇಶಗಳಿಂದ ಬಂದು ನೋಡುವ ಜಾಗ. ಮೀನಿನ ಚೂರುಗಳಿಂದ ತುಂಬಿದ ತೆಳು ಪದರವೊಂದು ಇಲ್ಲಿದೆ. ಸುಮಾರು 42.7ರಿಂದ 42.3 ಕೋಟಿ ವರ್ಷ ಹಿಂದಿನ ಅವಧಿಗೆ ಇಡೀ ಜಗತ್ತಿನ ಭೂವಿಜ್ಞಾನ ಪಟ್ಟಿಯಲ್ಲಿ ಲಡ್ಲೋ ಎಂದೇ ಹೆಸರು. ನೋಡಬಹುದು, ಕೆರೆದು ತೆಗೆಯುವ ಹಾಗಿಲ್ಲ, ಸಂರಕ್ಷಿತ ತಾಣ.

ಇನ್ನು ಹೊಲದ ದಾರಿಯ ಪ್ರಶ್ನೆ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಕಾಲುದಾರಿ ಅನ್ನುವುದು ಜಮೀನಿನವರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟದ್ದಲ್ಲ, ಕಾನೂನಿನ ಹಕ್ಕು. ಪ್ರತಿ ಕೌಂಟಿಯಲ್ಲೂ ಅದರ ಅಧಿಕೃತ ನಕ್ಷೆಯಿದೆ. ಹಳದಿ ಬಾಣ ಇದ್ದರೆ ನಡೆಯುವವರಿಗೆ ಮಾತ್ರ. ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲು ಕೂಡ ಬರುತ್ತವೆ. ಗೋಧಿ ಬೆಳೆದ ಹೊಲದ ನಟ್ಟನಡುವೆ ದಾರಿ ಹಾದರೂ ಹಕ್ಕು ಹಕ್ಕೇ. ರೈತರು ಅದನ್ನು ಉಳಬಹುದು, ಆದರೆ ಮೊದಲ ಸಲ ಉತ್ತ 14 ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲ ಮತ್ತೆ ಬಿಡಿಸಿ ಕೊಡಬೇಕು. ನಿಮ್ಮ ಕಡೆಯಿಂದಲೂ ಒಂದು ಮಿತಿಯಿದೆ: ಹಕ್ಕು ಇರುವುದು ಆ ಗೆರೆಯ ಮೇಲೆ ಸಾಗಿ ಹೋಗಲು. ಬೆಳೆ ತುಳಿದು ಬೇರೆ ದಾರಿ ಮಾಡಿಕೊಂಡರೆ, ಹೊಲದ ಮಧ್ಯೆ ಚಾಪೆ ಹಾಸಿ ಊಟಕ್ಕೆ ಕೂತರೆ ತಕರಾರು ಬಂದೇ ಬರುತ್ತದೆ, ಆಗ ತಪ್ಪು ನಿಮ್ಮದೇ. ಗೇಟು ಹೇಗಿತ್ತೋ ಹಾಗೇ ಬಿಡಿ. ತೆರೆದಿದ್ದದ್ದನ್ನು ಮುಚ್ಚಿದರೆ ಕುರಿಗಳಿಗೆ ನೀರಿನ ದಾರಿ ತಪ್ಪಬಹುದು.

ಹಸುಗಳ ಬಗ್ಗೆ ಇಲ್ಲಿನವರು ಹಗುರವಾಗಿ ಮಾತಾಡುವುದಿಲ್ಲ, ನೀವೂ ಹಗುರವಾಗಿ ತೆಗೆದುಕೊಳ್ಳಬೇಡಿ. ಊರ ದನ ನೋಡಿ ಬೆಳೆದವರು ಹತ್ತಿರ ಹೋಗಿ ಮೈ ಸವರಲು ನೋಡುತ್ತಾರೆ. ಮೇ ತಿಂಗಳಲ್ಲಿ ಕರು ಜೊತೆಗಿರುವ ಮಾಂಸದ ತಳಿಯ ಹಸುಗಳಿಗೆ ಮನುಷ್ಯರ ಒಡನಾಟ ಕಡಿಮೆ. ತಾಯಿಗೂ ಕರುವಿಗೂ ನಡುವೆ ಹೋದರೆ ಮೈಮೇಲೆ ಬರುತ್ತವೆ. ಬೇಲಿಯಂಚಿಗೆ ಸರಿದು ದೂರದಿಂದ ಸುತ್ತಿ ಹೋಗಿ, ಓಡಬೇಡಿ. ಹಾಗೆ ಸುತ್ತಿ ಹೋಗುವಾಗ ದಾರಿ ಬಿಟ್ಟು ನಡೆದರೆ ಯಾರೂ ಏನೂ ಅನ್ನುವುದಿಲ್ಲ.

ನಕ್ಷೆಯೊಂದು ಬೇಕೇ ಬೇಕು. ಕಣಿವೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೇಯ ಎಕ್ಸ್‌ಪ್ಲೋರರ್ ಹಾಳೆಗಳಲ್ಲಿ ನಾಲ್ಕು ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್. ಲಡ್ಲೋಗೆ 203, ಉತ್ತರದ ಲಾಂಗ್ ಮಿಂಡ್ ಬೆಟ್ಟಗಳ ಕಡೆಗೆ 217. ಇಡೀ ಪ್ರದೇಶ ಒಂದೇ ಹಾಳೆಯಲ್ಲಿ ಬೇಕೆಂದು ಲ್ಯಾಂಡ್‌ರೇಂಜರ್ 137 ಕೊಂಡರೆ ಅದರಲ್ಲಿ ಬೇಲಿಗಳ ಗೆರೆ ಇರುವುದಿಲ್ಲ. ದಾರಿ ತಪ್ಪುವುದು ಬಹುಪಾಲು ಅಲ್ಲೇ, ಬೇಲಿಯ ಯಾವ ಬದಿಗೆ ನಡೆಯಬೇಕೆಂದು ತಿಳಿಯದೆ. ಎಕ್ಸ್‌ಪ್ಲೋರರ್‌ನಲ್ಲಿ ಬೇಲಿ ಸಣ್ಣ ಕಪ್ಪು ಗೆರೆ, ಕಾಲುದಾರಿ ಹಸಿರು ಚುಕ್ಕಿಗೆರೆ. ಯಾವ ನಕ್ಷೆಯೂ ಹೇಳದ ವಿಷಯವೊಂದಿದೆ: ದಾರಿಯಲ್ಲಿ ಎಷ್ಟು ಸ್ಟೈಲ್ ಬರುತ್ತವೆ ಎಂದು. ಸ್ಟೈಲ್ ಅಂದರೆ ಬೇಲಿ ದಾಟುವ ತಡಬೆ, ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಮಂಡಿ ಮಡಚಲಾಗದವರಿಗೆ ಏರಿಗಿಂತ ಇದೇ ಕಷ್ಟ. ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ತಡಬೆಯಿಲ್ಲದ, ಗೇಟು ಮಾತ್ರ ಇರುವ ದಾರಿ ಯಾವುದೆಂದು ಕೇಳಿ.

ಎರಡನೇ ದಿನ ಬೆಳಿಗ್ಗೆ ರೈಲಿನಲ್ಲಿ ಕ್ರೇವನ್ ಆರ್ಮ್ಸ್‌ಗೆ ಹೋಗಿ, ಹತ್ತು ನಿಮಿಷದೊಳಗಿನ ಪ್ರಯಾಣ. ವೇಗದ ರೈಲುಗಳು ಕೆಲವು ಅಲ್ಲಿ ನಿಲ್ಲದೆ ಹೋಗುತ್ತವೆ, ಹತ್ತುವ ಮುಂಚೆ ಬೋರ್ಡಿನಲ್ಲಿ ನಿಲ್ದಾಣಗಳ ಪಟ್ಟಿ ಓದಿ. ಅಲ್ಲಿಂದ ದಕ್ಷಿಣಕ್ಕೆ ಒಂದೂವರೆ ಕಿಲೋಮೀಟರ್, ಸಮತಟ್ಟು: ಸ್ಟೋಕ್‌ಸೇ ಕಾಸಲ್. ಹೆಸರಿಗೆ ಕೋಟೆ, ನಿಜಕ್ಕೆ ಉಣ್ಣೆ ವ್ಯಾಪಾರಿಯೊಬ್ಬನ ಮನೆ. ಲಾರೆನ್ಸ್ ಆಫ್ ಲಡ್ಲೋ 1281ರಲ್ಲಿ ಜಾಗ ಕೊಂಡ, 1291ರಲ್ಲಿ ಕೋಟೆಯಂತೆ ಕಟ್ಟಲು ರಾಜನ ಪರವಾನಗಿ ಪಡೆದ. 1294ರಲ್ಲಿ ಉಣ್ಣೆಯ ಮೇಲಿನ ತೆರಿಗೆ ಏರಿಸಲು ರಾಜನಿಗೆ ನೆರವಾದವನು ಅದೇ ವರ್ಷ ಉಣ್ಣೆ ತುಂಬಿದ ಹಡಗು ಮುಳುಗಿ ಸತ್ತ, ಉಳಿದ ವ್ಯಾಪಾರಿಗಳು ಮರುಗಲಿಲ್ಲ. ಲಡ್ಲೋ ಬೀದಿಗಳಲ್ಲಿ ಕಂಡ ಹಣದ ಮೂಲ ಇಲ್ಲಿದೆ, ಅದಕ್ಕೇ ಎರಡನ್ನೂ ಸೇರಿಸಿ ನೋಡಬೇಕು. ದೊಡ್ಡ ಹಜಾರದ ಮರದ ಮಾಡು, ಗೋಡೆಗೆ ತಾಗಿದ ದಪ್ಪ ಹಲಗೆಯ ಮೆಟ್ಟಿಲು ಅವನ ಕಾಲದವೇ. ಆ ಮೆಟ್ಟಿಲಿಗೆ ಹೋಗದೆ ಹಜಾರದಲ್ಲೇ ಕೂತರೂ ಅರ್ಧ ನೋಡಿದ ಹಾಗೆ. ಹೊರಗಿನ ಹಳದಿ ಬಣ್ಣದ ಹೆಬ್ಬಾಗಿಲ ಮನೆ ಮಾತ್ರ ಈಚಿನದು, 1640ರ ಸುಮಾರಿನದು.

ಅಪ್ಪ ಅಮ್ಮ ಮಧ್ಯಾಹ್ನ ಸಂತೆಯಲ್ಲಿ ಕಾಲ ಕಳೆಯುತ್ತಾರೆಂದರೆ ನೀವಿಬ್ಬರು ಹೈ ವಿನಲ್ಸ್ ಹತ್ತಿ ಬರಬಹುದು. ಮಾರ್ಟಿಮರ್ ಕಾಡಿನ ನೆತ್ತಿ, 375 ಮೀಟರ್. ಲಡ್‌ಫರ್ಡ್ ಕಡೆಯಿಂದ ಮಾರ್ಟಿಮರ್ ಟ್ರೇಲ್ ಎಂಬ ಕಾಲುದಾರಿಯ ಗುರುತು ಹಿಡಿದು ಹೋಗಿ ಬರಲು ಸುಮಾರು 13 ಕಿಲೋಮೀಟರ್. ಲೆಕ್ಕ ಹೀಗೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಮುನ್ನೂರು ಮೀಟರ್ ಏರಿಗೆ ಅರ್ಧ ಗಂಟೆ. ಮೂರು ಗಂಟೆ ಚಿಲ್ಲರೆ ಆಯಿತು, ನಿಂತು ಕೂತು ನಾಲ್ಕೂವರೆ ಹಿಡಿಯಿರಿ. ಉದ್ದ ಕೂದಲಿನ ಫ್ಯಾಲೋ ಜಿಂಕೆಗಳು ಈ ಕಾಡಿಗೆ ಮೀಸಲು. ಪ್ಯಾಂಟಿನ ತುದಿಯನ್ನು ಸಾಕ್ಸಿಗೆ ಸಿಕ್ಕಿಸಿ, ರಾತ್ರಿ ಮಂಡಿಯ ಹಿಂದೆ, ಸೊಂಟದ ಬಳಿ ರಕ್ತ ಹೀರುವ ಉಣ್ಣೆ ಹುಳು (ಟಿಕ್) ಹತ್ತಿದೆಯೇ ನೋಡಿಕೊಳ್ಳಿ. ಲೈಮ್ ಜ್ವರ ಹರಡುವುದು ಅದರಿಂದ. ಸಿಕ್ಕಿದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿದ ಕಡೆ ಹಿಡಿದು ನೇರ ಎಳೆಯಬೇಕು. ಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡ.

ಊಟದ ಮಾತು ಕೊನೆಗಿಟ್ಟೆ, ಆದರೆ ಪ್ರವಾಸ ಕೆಡುವುದು ಹೆಚ್ಚಾಗಿ ಇದರಲ್ಲೇ. ಪಬ್ಬುಗಳ ಅಡುಗೆಮನೆ ಮಧ್ಯಾಹ್ನ ಹನ್ನೆರಡರಿಂದ ಎರಡೂವರೆ, ಸಂಜೆ ಆರರಿಂದ ಎಂಟೂವರೆ ಅಥವಾ ಒಂಬತ್ತು. ನಮ್ಮ ಹೊತ್ತಿಗೆ ಒಂಬತ್ತೂವರೆಗೆ ಹೋದರೆ ಚಿಪ್ಸ್ ಪೊಟ್ಟಣವೇ ಗತಿ. ಶುಕ್ರವಾರ ರಾತ್ರಿಗೆ ಮೇಜು ಮೊದಲೇ ಹೇಳಿಡಿ. ಸಸ್ಯಾಹಾರ ಎಲ್ಲ ಕಡೆ ಸಿಗುತ್ತದೆ, ಮೋಸ ಇರುವುದು ಸಸ್ಯಾಹಾರದಂತೆ ಕಾಣುವುದರಲ್ಲಿ. ಹುರಿದ ಆಲೂಗಡ್ಡೆಗೆ ಬಾತಿನ ಕೊಬ್ಬು ಹಾಕಿರಬಹುದು, ಗ್ರೇವಿ ಮಾಂಸದ ರಸದ್ದು, ಕೆಲವು ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ಎಕಲ್ಸ್ ಕೇಕಿನ ಹೊರಪದರಕ್ಕೆ ಹಂದಿ ಕೊಬ್ಬು ಬೀಳುವುದುಂಟು. ಫಿಜೆಟ್ ಪೈ ಈ ಸೀಮೆಯ ಹೆಮ್ಮೆ. ಸೇಬು, ಈರುಳ್ಳಿ ಎಂದು ಕೇಳಿ ತೆಗೆದುಕೊಂಡೀರಿ, ಅದರಲ್ಲಿ ಹಂದಿಮಾಂಸವಿದೆ. ಚೀಸಿನ ಅಂಗಡಿಯಲ್ಲಿ ಹಾಲು ಹೆಪ್ಪುಗಟ್ಟಿಸಲು ಬಳಸಿದ ರೆನೆಟ್ ಪ್ರಾಣಿಯದಲ್ಲ, ಸಸ್ಯಜನ್ಯವೇ ಎಂದು ಕೇಳಿ, ಮಾರುವವರಿಗೆ ಗೊತ್ತಿರುತ್ತದೆ. ಅಂದ ಹಾಗೆ ಶ್ರಾಪ್‌ಶೈರ್ ಬ್ಲೂ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಊರಿನ ನೆನಪಿಗೆಂದು ಅದನ್ನು ಕೊಂಡೊಯ್ಯುವ ಅಗತ್ಯವಿಲ್ಲ. ಸಂತೆಯಲ್ಲಿ ಕಾರ್ಡು ಬಹುತೇಕ ನಡೆಯುತ್ತದೆ, ಆದರೂ ಇಪ್ಪತ್ತು ಪೌಂಡಿನಷ್ಟು ಚಿಲ್ಲರೆ ಜೇಬಲ್ಲಿರಲಿ. ಮಧ್ಯಾಹ್ನ ಮೂರರ ಹೊತ್ತಿಗೆ ಕೆಲವರು ಅಂಗಡಿ ಕಟ್ಟಲು ಶುರು ಮಾಡುತ್ತಾರೆ, ಮಳೆ ಬಂದರೆ ಇನ್ನೂ ಮುಂಚೆಯೇ. ಹಾಗಾಗಿ ಶುಕ್ರವಾರ ರೈಲಿಳಿದ ಕೂಡಲೇ ಬ್ಯಾಗನ್ನು ಹೋಟೆಲಿನಲ್ಲಿಟ್ಟು ಮೊದಲು ಚೌಕಕ್ಕೆ ಹೋಗಿ. ಚರ್ಚು, ಕೋಟೆ ಆಮೇಲೆ.